ಮಗುವಿನ ಗೋಡೆ ಯಾರದು?

ಮನೆಯ ಒಳಾಂಗಣದ ಕೆಲಸ ಮಾಡುವ ನನ್ನಂಥವರನ್ನು ಎಲ್ಲಕ್ಕಿಂತ ಕಷ್ಟದ ಕೋಣೆ ಯಾವುದೆಂದು ಕೇಳಿದರೆ ಬಹಳ ಮಂದಿ ಅಡುಗೆಮನೆ ಎನ್ನುತ್ತಾರೆ. ನೀರು, ಬೆಂಕಿ, ಜಿಡ್ಡು, ಇರುವೆ ಎಲ್ಲ ಅಲ್ಲೇ ಇವೆ, ನಿಜ. ಆದರೆ ಅಡುಗೆಮನೆಯಲ್ಲಿ ನಿಂತು ಬೇಯಿಸುವವರು ಎದುರಿಗೇ ಇರುತ್ತಾರೆ. ಕಟ್ಟೆ ಎರಡು ಇಂಚು ಎತ್ತರವಾದರೆ ಬೈದು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಕಷ್ಟದ್ದು ಮಕ್ಕಳ ಕೋಣೆ. ಅದರಲ್ಲಿ ಇರುವವರು ಒಬ್ಬರು, ಅದನ್ನು ಬಯಸಿದವರು ಇನ್ನೊಬ್ಬರು. ಇರುವವರಿಗೆ ಮಾತು ಪೂರ್ತಿ ಬರುವುದಿಲ್ಲ, ಬಯಸಿದವರಿಗೆ ತಮ್ಮ ಬಯಕೆ ಯಾವುದು, ಮಗುವಿನದು ಯಾವುದು ಎಂಬುದು ಗೊತ್ತಾಗುವುದಿಲ್ಲ.

ನಾನು ಧಾರವಾಡದ ಕಡೆಯವನು. ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಕನ್ನಡದವರ ಮನೆ ಎಂದರೆ ಯಾರೋ ಪರಿಚಯದವರು ನನ್ನ ನಂಬರು ಕೊಡುತ್ತಾರೆ. ಹೀಗಾಗಿ ಕೋಥರೂಡಿನಿಂದ ವಾಕಡ್‌ವರೆಗೆ ಅನೇಕ ಕನ್ನಡ ಮನೆಗಳ ಮಕ್ಕಳ ಕೋಣೆಗಳನ್ನು ಅಳತೆಪಟ್ಟಿ ಹಿಡಿದು ನೋಡಿದ್ದೇನೆ. ಹತ್ತು ಅಡಿ, ಹನ್ನೊಂದು ಅಡಿ. ಒಂದು ಕಿಟಕಿ, ಒಂದು ಬಾಗಿಲು, ನಡುವೆ ಫ್ಯಾನು. ಈ ಡಬ್ಬಿಯಷ್ಟು ಜಾಗದಲ್ಲಿ ಊರು ಬಿಟ್ಟು ಬಂದವರು ಏನೇನು ತುಂಬಲು ನೋಡುತ್ತಾರೆ ಎಂಬುದನ್ನು ಕಂಡಾಗ, ಇದು ಬರೀ ಬಣ್ಣ ಮತ್ತು ಪ್ಲೈವುಡ್ಡಿನ ವಿಷಯ ಅಲ್ಲ ಎನಿಸುತ್ತದೆ. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಮೇಲೆ ಎಷ್ಟು ಹಕ್ಕಿದೆ ಎಂಬ ಹಳೆಯ ಪ್ರಶ್ನೆ ಅಲ್ಲಿ ಮೊಳೆ, ಸುತ್ತಿಗೆಯ ರೂಪದಲ್ಲಿ ಬಂದು ಕೂತಿರುತ್ತದೆ.

ಮಕ್ಕಳಿಗೆ ಬೇರೆ ಕೋಣೆ ಎಂಬುದೇ ನಮಗೆ ಹೊಸತು. ನಾನು ಬೆಳೆದ ಮನೆಯಲ್ಲಿ ಪಡಸಾಲೆ ಇತ್ತು, ನಡುಮನೆ ಇತ್ತು, ಅಡುಗೆಮನೆ, ದೇವರಮನೆ, ಅಟ್ಟ ಇದ್ದವು. ಹುಡುಗರ ಕೋಣೆ ಇರಲಿಲ್ಲ. ಕೂಸಿದ್ದಾಗ ತೊಲೆಗೆ ತೊಟ್ಟಿಲು, ಬೆಳೆದ ಮೇಲೆ ಸಾಲಾಗಿ ಹಾಸಿದ ಚಾಪೆಗಳಲ್ಲಿ ಒಂದು. ನಮ್ಮದು ಎಂಬ ಜಾಗ ಯಾವುದಾದರೂ ಇದ್ದರೆ ಗೋಡೆಯೊಳಗಿನ ಒಂದು ಮಾಡ. ಅದರಲ್ಲಿ ಗೋಲಿ, ಬಳಪದ ಚೂರು, ಹುಣಸೆಬೀಜ, ಚೌಕಾಬಾರದ ಕವಡೆ. ಆಟಿಗೆಗಳು ಹಬ್ಬದ ಜೊತೆ ಬಂದು ಹಬ್ಬದ ಜೊತೆ ಹೋಗುತ್ತಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಪಂಚಮಿಗೆ ಜೋಕಾಲಿ. ಇವತ್ತು ಮಾಡಿದ್ದು ನಾಳೆ ಕೆರೆಗೋ ಬಾವಿಗೋ ಹೋಗುತ್ತಿತ್ತು. ಮನೆಯಿಡೀ ಆಡುವ ಜಾಗವಾಗಿತ್ತು ಎಂದು ಇದನ್ನು ಹೊಗಳಬಹುದು. ಮನೆಯಿಡೀ ದೊಡ್ಡವರ ಕಣ್ಣಿನ ಕೆಳಗಿತ್ತು ಎಂದೂ ಹೇಳಬಹುದು. ಒಬ್ಬನೇ ಕೂತು ಅಳಬೇಕೆಂದರೆ ಹಿತ್ತಲಿಗೆ ಹೋಗಬೇಕಿತ್ತು.

ಇದು ನಮ್ಮ ದೇಶದ ಬಡತನದ ಕಥೆ ಮಾತ್ರ ಅಲ್ಲ. ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೇಸ್ 1960ರಲ್ಲಿ ಬಾಲ್ಯದ ಇತಿಹಾಸ ಕುರಿತು ಬರೆದ ಹೆಸರಾದ ಪುಸ್ತಕದಲ್ಲಿ, ಯುರೋಪಿನ ಮನೆಗಳಲ್ಲಿಯೂ ಉಣ್ಣಲೊಂದು ಮಲಗಲೊಂದು ಎಂದು ಕೋಣೆಗಳು ಬೇರೆಯಾದದ್ದು ತೀರ ಹಿಂದಿನ ಮಾತಲ್ಲ, ಸುಮಾರು 18ನೆಯ ಶತಮಾನದ ಬೆಳವಣಿಗೆ ಎಂದು ವಾದಿಸಿದ್ದಾನೆ. ಅವನ ಕೆಲವು ತೀರ್ಮಾನಗಳನ್ನು ಆಮೇಲಿನವರು ಒಪ್ಪಲಿಲ್ಲ. ಆದರೂ ಮಕ್ಕಳ ಕೋಣೆ ಎಂಬುದು ಆಕಾಶದಿಂದ ಇಳಿದ ಹಕ್ಕಲ್ಲ, ಕಾಲ ಕಟ್ಟಿದ ಗೋಡೆ ಎಂಬಷ್ಟನ್ನು ಅವನಿಂದ ಕಲಿಯಬಹುದು. ಇತ್ತ ಮುಂಬಯಿಯಲ್ಲಿ 1920ರ ದಶಕದಲ್ಲಿ ವರಳಿ, ನಾಯಗಾಂವ್ ಕಡೆ ಎದ್ದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಸಂಸಾರಕ್ಕೆ ಒಂದು ಖೋಲಿ, 160 ಚದರಡಿ. ಅಂಥ ಖೋಲಿಗಳಲ್ಲಿ ಮೂರು ತಲೆಮಾರು ಬೆಳೆದವು. 2025ರಲ್ಲಿ ವರಳಿಯ ಆ ಚಾಳುಗಳ ಮೊದಲ ಕೆಲವು ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಆ ಮನೆಗಳಲ್ಲಿ ಎರಡನೆಯ ಕೋಣೆ ಯಾರದು ಎಂಬ ಮಾತು ಮೊದಲ ಸಲ ಎದ್ದಿರುತ್ತದೆ. ಜಾಗವಿಲ್ಲದಾಗ ಈ ಪ್ರಶ್ನೆ ಹುಟ್ಟುವುದೇ ಇಲ್ಲ ನೋಡಿ.

ಹುಟ್ಟಿದ ಮೇಲೆ ಮಾತ್ರ ಉತ್ತರ ಕೊಡಬೇಕಾಗುತ್ತದೆ. ನನಗೆ ಈ ಪ್ರಶ್ನೆಯನ್ನು ಇದ್ದಕ್ಕಿದ್ದ ಹಾಗೆ ಕಣ್ಣಿಗೆ ಕಟ್ಟಿಸಿದ್ದು ಗದಗ ಕಡೆಯ ಒಂದು ಸಂಸಾರ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನವರು. ಆರು ವರ್ಷದ ಮಗ. ಹೊಸ ಎರಡು ಬೆಡ್‌ರೂಮಿನ ಮನೆ. ಹುಡುಗನ ಕೋಣೆಯ ನಡುವೆ ನಿಂತು ತಂದೆ ಕೈ ಬೀಸಿ ತೋರಿಸಿದರು.

"ಕಾಕಾ, ಈ ಗ್ವಾಡಿ ಪೂರ್ತಿ ಕನ್ನಡ ಇರಬೇಕ್ರಿ. ಅ ದಿಂದ ಳ ತನಕ, ದೊಡ್ಡ ದೊಡ್ಡ ಅಕ್ಷರ. ನಡುವ ವೀರನಾರಾಯಣನ ಗುಡಿ. ಮಗ ಎದ್ದ ಕೂಡ್ಲೆ ಗದಗ ಕಾಣಬೇಕು."

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಗದಗ ಕಾಣಬೇಕಂದ್ರ ಗದಗಿಗೆ ಕರಕೊಂಡ ಹೋಗ್ರಿ. ವರ್ಷಕ್ಕ ನಾಕ್ ದಿನಾ ರಜಾ ಹಾಕಾಕ ಆಗಂಗಿಲ್ಲ ನಿಮಗ. ಗ್ವಾಡಿಗಿ ಬಣ್ಣಾ ಹೊಡಸ್ತಾರಂತ."

ಹುಡುಗ ನನ್ನ ಅಳತೆಪಟ್ಟಿ ಎಳೆದು ಬಿಟ್ಟು ಆಡುತ್ತಿದ್ದ. ನಿನಗೇನು ಬೇಕೋ ಮರಿ ಎಂದೆ. ಮರಾಠಿಯಲ್ಲಿ, "ಮಲಾ ಜೆಸಿಬಿ ಪಾಹಿಜೆ" ಎಂದ. ಆಮೇಲೆ ನಾನು ಕನ್ನಡದವನು ಎಂದು ನೆನಪಾಗಿ, "ಹಳದೀದು, ದೊಡ್ಡದು" ಎಂದು ಸೇರಿಸಿದ. ಕಿಟಕಿಯಾಚೆ ಪಕ್ಕದ ಸೈಟಿನಲ್ಲಿ ನಿಜವಾದದ್ದೊಂದು ಮಣ್ಣು ಅಗೆಯುತ್ತಿತ್ತು.

ಆ ಮನೆಯಲ್ಲಿ ಇನ್ನೊಂದು ಸಂಗತಿ ಇತ್ತು, ಅದು ನಿಧಾನವಾಗಿ ಹೊರಬಂತು. ಗಂಡನ ತಾಯಿ ಗದಗದಲ್ಲಿ ಒಬ್ಬರೇ ಇದ್ದರು. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅವರನ್ನು ಪುಣೆಗೆ ಕರೆತರುವ ಮಾತು ನಡೆದಿತ್ತು. ಬಂದರೆ ಮಲಗುವುದು ಎಲ್ಲಿ ಎಂದು ಕೇಳಿದೆ. ಹಾಲಿನ ಸೋಫಾ ಬಿಚ್ಚಿದರೆ ಮಂಚವಾಗುತ್ತದೆ ಎಂದರು. ಹುಡುಗನ ಕೋಣೆಗೆ ಬಂಕ್ ಬೆಡ್ ಮಾಡಿಸುವ ಯೋಚನೆಯೂ ಇತ್ತು, ಕೆಳಗೆ ಅಜ್ಜಿ, ಮೇಲೆ ಮೊಮ್ಮಗ. ಆರು ವರ್ಷದ ಒಳಗಿನ ಮಕ್ಕಳನ್ನು ಮೇಲಿನ ಮಂಚಕ್ಕೆ ಹತ್ತಿಸಬಾರದು ಎಂಬುದು ನಮ್ಮ ಕಸುಬಿನ ಸಾಮಾನ್ಯ ನಿಯಮ. ಈ ಹುಡುಗ ಆಗಷ್ಟೇ ಆ ವಯಸ್ಸು ಮುಟ್ಟಿದ್ದ. ಅದಕ್ಕಿಂತ ದೊಡ್ಡ ತೊಂದರೆ ಫ್ಯಾನು. ಹೊರದೇಶದ ಚಿತ್ರಗಳಲ್ಲಿ ಬಂಕ್ ಬೆಡ್ ಚೆಂದ ಕಾಣುತ್ತದೆ, ಯಾಕೆಂದರೆ ಆ ಚಿತ್ರದಲ್ಲಿ ಸೀಲಿಂಗ್ ಫ್ಯಾನು ಇರುವುದಿಲ್ಲ. ಒಂಬತ್ತೂವರೆ ಅಡಿಯ ಛಾವಣಿಯ ಕೆಳಗೆ ಮೇಲಿನ ಹಾಸಿಗೆಯ ಮೇಲೆ ಹುಡುಗ ಎದ್ದು ನಿಂತು ಕೈ ಎತ್ತಿದರೆ ರೆಕ್ಕೆ ತಾಗುತ್ತದೆ. ಇದನ್ನು ಹೇಳಿದೆ. ಅವರು ಸುಮ್ಮನಾದರು.

ಒಂದು ಗೋಡೆಯ ಮೇಲೆ ಕನ್ನಡ ತುಂಬಿಸಲು ಲೆಕ್ಕ ಹಾಕುತ್ತಿರುವ ಮನೆಯಲ್ಲಿ, ದಿನವಿಡೀ ಕನ್ನಡವನ್ನೇ ಆಡುವ ಒಬ್ಬ ಜೀವಕ್ಕೆ ಆರಡಿ ಮೂರಡಿಯ ಜಾಗ ಸಿಗುತ್ತಿಲ್ಲ. ಅವರನ್ನು ಕೆಟ್ಟವರು ಎನ್ನಲಾರೆ. ಸಾಲ ಮಾಡಿ ಮನೆ ಕೊಂಡವರು. ತಾಯಿಯ ಮೇಲೆ ಪ್ರೀತಿ ಇದ್ದವರು. ಆದರೆ ಭಾಷೆ ಎಂದರೆ ಅಂಟಿಸುವಂಥದ್ದು, ಮನುಷ್ಯರು ಎಂದರೆ ಜಾಗ ಹಿಡಿಯುವಂಥವರು ಎಂದು ನಾವೆಲ್ಲ ಎಲ್ಲಿಂದಲೋ ಕಲಿತುಬಿಟ್ಟಿದ್ದೇವೆ. ಸ್ಟಿಕ್ಕರಿಗೆ ಚದರಡಿ ಬೇಕಾಗುವುದಿಲ್ಲ.

ಇಲ್ಲಿ ತಂದೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಖಾಲಿ ಗೋಡೆ ಖಾಲಿಯಾಗಿ ಉಳಿಯುವುದಿಲ್ಲ. ಮಗು ತನಗೆ ಬೇಕಾದ್ದನ್ನು ತಾನೇ ಆರಿಸಲಿ ಎಂದು ನಾವು ಉದಾರವಾಗಿ ಕೈ ಕಟ್ಟಿ ನಿಂತರೆ ಅಲ್ಲಿಗೆ ಬರುವುದು ಅಂಗಡಿ. ಹುಡುಗನಾದರೆ ನೀಲಿ, ಹುಡುಗಿಯಾದರೆ ಗುಲಾಬಿ. ಕಾರಿನ ಆಕಾರದ ಮಂಚ, ಟಿ.ವಿ.ಯ ಗೊಂಬೆಗಳ ಹಾಸಿಗೆ ಬಟ್ಟೆ. ಕಾರಿನ ಮಂಚ ಮೂರು ವರ್ಷಕ್ಕೆ ಗಿಡ್ಡವಾಗುತ್ತದೆ. ನಾಲ್ಕನೆಯ ವರ್ಷ ಹುಡುಗನಿಗೇ ಅದನ್ನು ಸ್ನೇಹಿತರಿಗೆ ತೋರಿಸಲು ನಾಚಿಕೆ. ಆರು ವರ್ಷದ ಮಗುವಿನ ಆಯ್ಕೆ ಎನ್ನುವುದರಲ್ಲಿ ಜಾಹೀರಾತಿನವರ ಪಾಲು ಎಷ್ಟು, ಮಗುವಿನ ಪಾಲು ಎಷ್ಟು? ಹೊರಗೆ ಶಾಲೆ ಇಂಗ್ಲಿಷು, ಮೈದಾನ ಮರಾಠಿ, ಪರದೆ ಹಿಂದಿ. ಮನೆಯ ಒಂದು ಗೋಡೆಯಾದರೂ ಕನ್ನಡವಾಗಿರಲಿ ಎಂದು ತಂದೆ ಬಯಸಿದರೆ ಅದು ಹಟ ಅಲ್ಲ, ಕರ್ತವ್ಯವೂ ಇರಬಹುದು. ಮಕ್ಕಳ ಹಕ್ಕುಗಳ ಬಗ್ಗೆ 1989ರಲ್ಲಿ ವಿಶ್ವಸಂಸ್ಥೆ ಮಾಡಿದ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 29ನೆಯ ವಿಧಿ, ಮಗುವಿನ ಶಿಕ್ಷಣವು ತಂದೆತಾಯಿಯ ಬಗ್ಗೆ, ತನ್ನ ಭಾಷೆ ಸಂಸ್ಕೃತಿಯ ಬಗ್ಗೆ ಗೌರವ ಬೆಳೆಸಬೇಕು ಎನ್ನುತ್ತದೆ. ಮಗು ಇರುವ ದೇಶದ ಮೌಲ್ಯಗಳ ಬಗ್ಗೆಯೂ. ಭಾಷಾ ಅಲ್ಪಸಂಖ್ಯಾತರ ಮಗುವಿಗೆ ತನ್ನ ಸಮುದಾಯದ ಉಳಿದವರೊಡನೆ ತನ್ನ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಬಾರದು ಎಂದು 30ನೆಯ ವಿಧಿ ಹೇಳುತ್ತದೆ.

ಆ "ಉಳಿದವರೊಡನೆ" ಎಂಬ ಮಾತನ್ನು ಗಮನಿಸಿ. ಗೋಡೆಯೊಡನೆ ಎಂದು ಅಲ್ಲಿಲ್ಲ. ಅದೇ ಒಡಂಬಡಿಕೆಯ 12ನೆಯ ವಿಧಿ ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಎನ್ನುತ್ತದೆ. 31ನೆಯದು ಆಟದ, ವಿಶ್ರಾಂತಿಯ ಹಕ್ಕು. ಎಂದರೆ ಕನ್ನಡ ಅಕ್ಷರದ ಪಕ್ಕದಲ್ಲಿ ಜೆಸಿಬಿಗೂ ಒಂದು ವಾದ ಇದೆ.

ಹಾಗಾದರೆ ಕೊಡುವುದಕ್ಕೂ ಹೇರುವುದಕ್ಕೂ ಗೆರೆ ಎಲ್ಲಿ? ಜರ್ಮನಿಯ ದಾರ್ಶನಿಕ ಕಾಂಟ್ 1785ರಲ್ಲಿ ನೀತಿಯ ಬಗ್ಗೆ ಬರೆಯುತ್ತಾ, ಮನುಷ್ಯರನ್ನು ಎಂದೂ ಬರೀ ಸಾಧನವಾಗಿ ಬಳಸಬಾರದು, ಅವರೇ ಗುರಿ ಎಂದು ಕಾಣಬೇಕು ಎಂಬ ಅರ್ಥದ ಮಾತು ಹೇಳಿದ. ದೊಡ್ಡ ತತ್ತ್ವಜ್ಞಾನ ಎಂದು ಹೆದರಬೇಕಾಗಿಲ್ಲ, ಮಕ್ಕಳ ಕೋಣೆಗೆ ಇದು ಅಳತೆಪಟ್ಟಿಯ ಹಾಗೆ ಒದಗುತ್ತದೆ. ಈ ಗುಡಿಯ ಚಿತ್ರ ಮಗುವಿಗಾಗಿ ಇದೆಯೋ, ಅಥವಾ ಊರಿಗೆ ಹೋಗಲಾಗದ ತಂದೆಯ ಸಂಕಟವನ್ನು ಶಮನ ಮಾಡಲು ಮಗುವಿನ ಗೋಡೆ ಬಳಕೆಯಾಗುತ್ತಿದೆಯೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. "ಬರೀ" ಎಂಬ ಶಬ್ದದ ಬೆಲೆ ಅಲ್ಲಿದೆ.

ಇದನ್ನು ಪರೀಕ್ಷೆ ಮಾಡಲು ನಾನೊಂದು ಸರಳ ದಾರಿ ಕಂಡುಕೊಂಡಿದ್ದೇನೆ. ಆ ವಸ್ತುವನ್ನು ಮಗು ಮುಟ್ಟಬಹುದೇ, ಸರಿಸಬಹುದೇ, ಬೇಡ ಎನ್ನಬಹುದೇ ಎಂದು ನೋಡುವುದು. ಚನ್ನಪಟ್ಟಣದ ಗೊಂಬೆಗಳನ್ನೇ ತೆಗೆದುಕೊಳ್ಳಿ. ಆಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣದ ಅರಗನ್ನು ಒತ್ತಿ ಹಿಡಿದು, ಆ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವಂತೆ ಮಾಡಿದ ಗೊಂಬೆ ಅದು. ಮೂಲೆ ಚೂಪಿರುವುದಿಲ್ಲ, ಕೈಯಲ್ಲಿ ಹಿಡಿಯಲೆಂದೇ ಮಾಡಿದ್ದು. ಪರನಾಡಿನ ಕನ್ನಡ ಮನೆಗಳಲ್ಲಿ ನಾನು ಅದನ್ನು ಹೆಚ್ಚಾಗಿ ನೋಡಿರುವುದು ಗಾಜಿನ ಷೋಕೇಸಿನಲ್ಲಿ, ಐದಡಿ ಎತ್ತರದಲ್ಲಿ, ಒಳಗೊಂದು ಪುಟ್ಟ ಬಲ್ಬಿನ ಕೆಳಗೆ. ನಾಲ್ಕು ವರ್ಷದ ಮಗು ನಿಂತರೆ ಅದರ ಕಣ್ಣು ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ. ಆ ಗೊಂಬೆ ಮಗುವಿನದಲ್ಲ, ಅಪ್ಪ ಅಮ್ಮನ ನೆನಪಿನ ಸಾಮಾನು. ಅದೇ ಗೊಂಬೆ ಮಂಚದ ಕೆಳಗೆ ಬಿದ್ದು, ಅರಗು ಹಾರಿ, ಒಂದು ಗಾಲಿ ಕಳೆದುಕೊಂಡಿದ್ದರೆ ಅದು ಮಗುವಿಗೆ ಸಂದಿದೆ ಎಂದು ಅರ್ಥ. ಕೊಟ್ಟದ್ದು ಹಾಳಾಗಲು ಬಿಡುವುದೂ ಕೊಡುವುದರ ಭಾಗ.

ಮಗುವಿನ ಎತ್ತರದಲ್ಲಿ ನೋಡುವ ಈ ಪಾಠವನ್ನು ನಮ್ಮ ಕಸುಬಿಗೆ ಕಲಿಸಿದವರು ಮರಿಯಾ ಮಾಂಟೆಸ್ಸರಿ. 1907ರ ಜನವರಿಯಲ್ಲಿ ರೋಮಿನ ಬಡವರ ಬಡಾವಣೆಯಾದ ಸ್ಯಾನ್ ಲೊರೆಂಜೊದಲ್ಲಿ ಅವರು ತೆರೆದ ಮಕ್ಕಳ ಮನೆಯಿಂದ, ಮಗು ತಾನೇ ಎತ್ತಬಹುದಾದ ಕುರ್ಚಿ, ಕೈಗೆಟುಕುವ ಕಪಾಟು, ಕಣ್ಣಿನ ಮಟ್ಟದ ಚಿತ್ರ ಇವೆಲ್ಲ ಲೋಕಕ್ಕೆ ಹರಡಿದವು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ, ಹಳ್ಳಿಯ ಮಕ್ಕಳಿಗಾಗಿ ಅಲ್ಲಿಯೇ ಸಿಗುವ ಸಾಮಾನಿನಿಂದ, ಮಕ್ಕಳು ಇರುವ ಅಂಗಳದಲ್ಲೇ ಶಾಲೆ ಕಟ್ಟುವ ದಾರಿ ಹುಡುಕಿದರು. ಮಗುವಿಗೆ ಬೇಕಾದದ್ದು ದುಬಾರಿ ಕೋಣೆ ಅಲ್ಲ, ತನ್ನ ಎತ್ತರದ ಲೋಕ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇವತ್ತಿಗೂ ಎರಡೂವರೆ ಅಡಿಯ ಒಂದು ತೆರೆದ ಕಪಾಟು, ಮೂರಡಿ ಎತ್ತರದಲ್ಲಿ ನಾಲ್ಕು ಗೂಟ, ಕೈಗೆಟುಕುವ ಲೈಟಿನ ಸ್ವಿಚ್ಚು ಇಷ್ಟಾದರೆ ಆ ಕೋಣೆ ಅರ್ಧ ಮಗುವಿನದಾಯಿತು.

ಅಂದಹಾಗೆ, ಮಗುವಿನ ಮೇಲೆ ಹಿರಿಯರು ಕೇಳದೆ ಚಲಾಯಿಸಲೇಬೇಕಾದ ಒಂದು ಅಧಿಕಾರವೂ ಇದೆ. ಅದು ಪ್ರಾಣದ ವಿಷಯ. ಎತ್ತರದ ಕಪಾಟನ್ನು ಎಲ್-ಪಟ್ಟಿ ಹಾಕಿ ಗೋಡೆಗೆ ಬಿಗಿಯುವುದು, ಕಿಟಕಿಯ ಕೆಳಗೆ ಮಂಚ ಇಡದಿರುವುದು, ಗ್ರಿಲ್ಲಿನ ಸಂದಿ ಮಗುವಿನ ತಲೆ ತೂರದಷ್ಟು ಸಣ್ಣದಿರುವುದು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣವಿರುವ ಹಳೆಯ ಮನೆಯಾದರೆ ಕೆರೆದ ಧೂಳು ಏಳುವಾಗ ಮಕ್ಕಳು ಅಲ್ಲಿರಬಾರದು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಇವೆಲ್ಲದರಲ್ಲಿ ಮಗುವಿನ ಒಪ್ಪಿಗೆ ಕೇಳುವ ಪ್ರಶ್ನೆಯಿಲ್ಲ. ವಿಚಿತ್ರ ಏನೆಂದರೆ, ಅಧಿಕಾರ ಚಲಾಯಿಸಬೇಕಾದ ಇಂಥ ಜಾಗದಲ್ಲಿ ನಾವು ಕಾರ್ಪೆಂಟರನಿಗೆ ಬಿಟ್ಟುಬಿಡುತ್ತೇವೆ. ಬಿಡಬೇಕಾದ ಜಾಗದಲ್ಲಿ, ಎಂದರೆ ಮಗು ಕಣ್ಣು ತೆರೆದಾಗ ಏನನ್ನು ನೋಡಿ ಸಂತೋಷಪಡಬೇಕು ಎಂಬಲ್ಲಿ, ಪೂರ್ತಿ ಅಧಿಕಾರ ಹಿಡಿದು ನಿಲ್ಲುತ್ತೇವೆ.

ಅಜ್ಜಿಯ ಮಾತಿಗೆ ಬರುತ್ತೇನೆ. ಹಾಲಿನ ಸೋಫಾವೋ ಬಂಕ್ ಬೆಡ್ಡೋ ಎಂದು ನಾವು ಮೂವರು ಚರ್ಚಿಸುತ್ತಿದ್ದಾಗ, ಯಾರೂ ಅವರನ್ನೇ ಕೇಳಿಲ್ಲ ಎಂದು ಹೆಂಡತಿಯೇ ನೆನಪು ಮಾಡಿದರು. ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಮಗ ವಿಷಯ ಹೇಳಿದರು: ನೀ ಬಂದ್ರ ಹುಡುಗಗ ಕನ್ನಡ ಬರ್ತದವಾ, ಕಥಿ ಹೇಳ್ತಿ, ಅಕ್ಷರ ತಿದ್ದಸ್ತಿ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂದ ಮಾತು ಇದು:

"ತಮ್ಮಾ, ಅಕ್ಷರ ಕಲಸಾಕ ನನ್ನ ಕರೀತೀಯೋ, ನಾ ಬೇಕಾಗೀನಿ ಅಂತ ಕರೀತೀಯೋ? ಅದನ್ನ ಮೊದಲ ಹೇಳು. ಮತ್ತ ಹುಡುಗನ ಕೋಣ್ಯಾಗ ನಾ ಮಲಗಾಕ ಒಲ್ಲೆ. ನಾ ನಾಕ ಗಂಟೇಕ ಏಳಾಕಿ, ಕೆಮ್ಮಾಕಿ. ಅಂವಗ ನಿದ್ದಿ ಬ್ಯಾಡೇನು?"

ಕಾಂಟ್ ಬರೆದದ್ದನ್ನು ಆಕೆ ಓದಿರಲಿಕ್ಕಿಲ್ಲ. ಆದರೆ ಮಗುವನ್ನು ತಂದೆಯ ಹಂಬಲಕ್ಕೆ ಸಾಧನ ಮಾಡಬಾರದು ಎನ್ನುವ ನ್ಯಾಯ ಇದ್ದರೆ, ಅಜ್ಜಿಯನ್ನು ಮಗುವಿನ ಕನ್ನಡಕ್ಕೆ ಸಾಧನ ಮಾಡಬಾರದು ಎನ್ನುವ ನ್ಯಾಯವೂ ಅದರ ಪಕ್ಕದಲ್ಲೇ ಇದೆ. ಪರನಾಡಿನಲ್ಲಿ ನಾವು "ಅಜ್ಜ ಅಜ್ಜಿ ಇದ್ದರೆ ಭಾಷೆ ಉಳಿಯುತ್ತದೆ" ಎಂದು ಸಲೀಸಾಗಿ ಹೇಳುತ್ತೇವೆ. ನಿಜವೇ. ಆದರೆ ಅವರು ಇರುವುದು ಭಾಷೆ ಉಳಿಸಲಿಕ್ಕಲ್ಲ. ಅವರಿಗೂ ಒಂದು ಕಿಟಕಿ ಬೇಕು, ದೇವರ ಫೋಟೋ ಇಡಲು ಒಂದು ಮಾಡ ಬೇಕು, ಬಾಗಿಲು ಹಾಕಿಕೊಂಡು ಸುಮ್ಮನೆ ಕೂಡುವ ಹೊತ್ತು ಬೇಕು. ತನ್ನದೇ ಒಂದು ಕೋಣೆಯ ಅಗತ್ಯವನ್ನು ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆಯುವ ಹೆಂಗಸಿನ ಪರವಾಗಿ ಎತ್ತಿದ್ದಳು. ಬರೆಯದ, ಎಪ್ಪತ್ತು ದಾಟಿದ ಹೆಂಗಸಿಗೂ ಆ ಅಗತ್ಯ ಇದೆ ಎಂದು ನಮ್ಮ ಎರಡು ಬೆಡ್‌ರೂಮಿನ ನಕ್ಷೆಗಳು ಇನ್ನೂ ಒಪ್ಪಿಲ್ಲ.

ಕೊನೆಗೆ ಆ ಮನೆಯಲ್ಲಿ ಏನಾಯಿತು ಎಂದು ಹೇಳಬೇಕು. ಚಿಕ್ಕ ಕೋಣೆಯಲ್ಲಿ ಕಿಟಕಿಯಿಂದ ದೂರಕ್ಕೆ ಒಂದು ತಗ್ಗಿನ ಮಂಚ, ಗೋಡೆಗೆ ಒಂದು ಮಾಡದಂಥ ಕಪಾಟು, ನಡುವೆ ಎಳೆದುಕೊಳ್ಳಬಹುದಾದ ಪರದೆ ಮಾಡಿದೆವು. ಅಜ್ಜಿ ಬಂದಾಗ ಕೋಣೆ ಅವರದು. ಹುಡುಗನ ಹಾಸಿಗೆ ಅಪ್ಪ ಅಮ್ಮನ ಕೋಣೆಗೆ ಹೋಗುತ್ತದೆ. ಅವರು ಇಲ್ಲದಾಗ ಕೋಣೆ ಹುಡುಗನದು. ಈ ಕರಾರನ್ನು ಹುಡುಗನನ್ನು ಕೂಡಿಸಿಕೊಂಡೇ ಮಾಡಿದರು. ಅವನ ಷರತ್ತು ಒಂದೇ, ಜೆಸಿಬಿ ಅಲ್ಲಿಯೇ ಇರಬೇಕು. ಅಜ್ಜಿ ಎರಡು ತಿಂಗಳು ಇದ್ದರು, ಪಂಚಮಿ ಹತ್ತಿರ ಬಂತೆಂದು ಊರಿಗೆ ಹೊರಟುಹೋದರು. ಹಾಗೆ ಬಂದು ಹೋಗಿ ಮಾಡುತ್ತಿದ್ದಾರೆ. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಒಬ್ಬರೇ ಇರುವ ತಾಯಿಯ ಚಿಂತೆ ಮಗನಿಗೆ ಈಗಲೂ ತಪ್ಪಿಲ್ಲ.

ಕನ್ನಡ ಅಕ್ಷರಗಳು, ವೀರನಾರಾಯಣನ ಗುಡಿ? ಅವು ಹಾಲಿಗೆ ಬಂದವು. "ಇದು ನಿಮ್ಮ ಹಂಬಲ ಅಲ್ಲೇನ್ರಿ? ನಿಮ್ಮ ಗ್ವಾಡಿ ಮ್ಯಾಲ ಇರ್ಲಿ" ಎಂದು ಹೆಂಡತಿ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ದೊಡ್ಡವರು ತಮ್ಮ ಊರಿನ ನೋವನ್ನು ಮಗುವಿನ ಕೋಣೆಯಲ್ಲಿ ಅಲಂಕಾರದ ಹೆಸರಿನಲ್ಲಿ ಬಚ್ಚಿಡುವ ಬದಲು ತಮ್ಮ ಜಾಗದಲ್ಲಿ ತಮ್ಮದೆಂದೇ ಹೇಳಿ ತೂಗುಹಾಕಬೇಕು. ಆಗ ಮಗು ಬಂದು ಇದೇನು ಎಂದು ಕೇಳುತ್ತದೆ. ಕೇಳಿದಾಗ ಹೇಳುವುದು ಬೇರೆ, ಕೇಳುವ ಮೊದಲೇ ಹೊದಿಸುವುದು ಬೇರೆ. ಕೇಳದೆಯೂ ಇರಬಹುದು, ಆ ಸಾಧ್ಯತೆಯನ್ನು ಹೊಟ್ಟೆಗೆ ಹಾಕಿಕೊಳ್ಳದೆ ಕೊಡುಗೆ ಎಂಬ ಮಾತಿಗೆ ಅರ್ಥವಿಲ್ಲ.

ನಮ್ಮ ಕಡೆ ಅನೇಕ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಪುಣೆಯಲ್ಲಿ ಆಯಿ ಎಂದರೆ ತಾಯಿ. ಒಂದೇ ಶಬ್ದ ಒಂದು ರಾತ್ರಿಯ ಬಸ್ಸಿನ ಪ್ರಯಾಣದಲ್ಲಿ ಒಂದು ತಲೆಮಾರು ಕೆಳಗಿಳಿಯುತ್ತದೆ. ಇಲ್ಲಿ ಹುಟ್ಟಿದ ಮಗುವಿಗೆ ಎರಡೂ ಸಹಜ. ಗದಗ ಜಿಲ್ಲೆಯ ಮಣ್ಣಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಪುಣೆಯವರಾಗಿ ಬಾಳಿ, 1953ರಲ್ಲಿ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಇಲ್ಲಿ ಸಂಗೀತೋತ್ಸವ ಆರಂಭಿಸಿ, ಮರಾಠಿ ಅಭಂಗವನ್ನೂ ಕನ್ನಡ ದಾಸರ ಪದವನ್ನೂ ಒಂದೇ ಕಂಠದಲ್ಲಿ ಹಾಡಿದರು. ಯಾವುದು ಅವರ ಊರು ಎಂದು ಜಗಳ ಮಾಡುವವರು ಮಾಡಲಿ. ಆ ಕಂಠಕ್ಕೆ ಜಗಳ ಗೊತ್ತಿರಲಿಲ್ಲ.

ಇನ್ನೊಂದು ವಿಚಾರ ನನ್ನನ್ನು ಬಿಡುವುದಿಲ್ಲ. ನಾವು, ಪರನಾಡಿನವರು, ಬಿಟ್ಟು ಬಂದವರು. ನಮ್ಮ ತಂದೆತಾಯಿ ಕಟ್ಟಿದ ಮನೆ, ಅವರ ದೇವರು, ಅವರ ಬೇಸಾಯ, ಅವರ ಓಣಿ ಇವೆಲ್ಲವನ್ನೂ ಬಿಟ್ಟು ಹೊರಡುವ ಸ್ವಾತಂತ್ರ್ಯವನ್ನು ನಾವು ತೆಗೆದುಕೊಂಡೆವು. ಅವರು ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿಕೊಟ್ಟರು. ಅಂಥ ಸ್ವಾತಂತ್ರ್ಯ ಉಂಡವರು ನಮ್ಮ ಮಕ್ಕಳಿಗೆ, ನೀವು ಹುಟ್ಟಿದ ಊರನ್ನು ನಿಮ್ಮದೆನ್ನಬೇಡಿ, ನಾವು ಬಿಟ್ಟದ್ದನ್ನೇ ನಿಮ್ಮದೆನ್ನಿ ಎಂದು ಹೇಳಿದರೆ ಅದರಲ್ಲಿ ಎಲ್ಲೋ ಲೆಕ್ಕ ತಪ್ಪುತ್ತದೆ. ನಮಗೆ ಬೇಕಾದ ಬಾಗಿಲು ಅವರಿಗೂ ಇರಬೇಕು. ಹೊರಗೆ ಹೋಗುವ ಬಾಗಿಲು ಮಾತ್ರ ಅಲ್ಲ, ಬೇಕೆಂದಾಗ ಕನ್ನಡದ ಕಡೆಗೆ ಬರುವ ಬಾಗಿಲೂ. ಆ ಎರಡನೆಯ ಬಾಗಿಲನ್ನು ತೆರೆದಿಡುವುದು ನಮ್ಮ ಜವಾಬ್ದಾರಿ. ಅದಕ್ಕೆ ಅಜ್ಜಿಯ ಜೊತೆ ಕಳೆದ ದಿನಗಳು ಬೇಕು, ನಾಲ್ಕು ದಿನದ ರಜೆ ಬೇಕು, ಊಟಕ್ಕೆ ಕೂತಾಗ ಕನ್ನಡದ ಮಾತು ಬೇಕು. ಗೋಡೆಗೆ ಬಣ್ಣ ಹೊಡೆಸುವುದಕ್ಕಿಂತ ಇವೆಲ್ಲ ದುಬಾರಿ. ಹಣದಲ್ಲಿ ಅಲ್ಲ, ಹೊತ್ತಿನಲ್ಲಿ.

ಈಗ ನನ್ನ ಬಳಿ ಬರುವವರಿಗೆ ನಾನು ಒಂದು ಸಲಹೆ ಕೊಡುತ್ತೇನೆ. ಮಗುವಿನ ಕೋಣೆಯ ಒಂದು ಗೋಡೆಯನ್ನು ನೆಲದಿಂದ ನಾಲ್ಕಡಿಯವರೆಗೆ ಏನೂ ಮಾಡದೆ ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಬಣ್ಣ ಸಾಕು. ಅಲ್ಲಿ ಗೀಚಿದರೆ ಬೈಯಬೇಡಿ. ಏನು ಬರೆಯುತ್ತದೋ, ಯಾವ ಭಾಷೆಯಲ್ಲಿ ಬರೆಯುತ್ತದೋ ಅದು ಅದಕ್ಕೆ ಬಿಟ್ಟದ್ದು. ಗದಗದವರ ಮನೆಯಲ್ಲಿ ಆ ನಾಲ್ಕಡಿಯಲ್ಲಿ ಬಹಳ ಕಾಲ ಹಳದಿ ಜೆಸಿಬಿಗಳೇ ಇದ್ದವು, ಒಂದರ ಹಿಂದೆ ಒಂದು, ಒಟ್ಟು ಹದಿನೇಳು. ಹದಿನೇಳನೆಯದರ ಸೀಟಿನಲ್ಲಿ ಸೀರೆ ಉಟ್ಟು ಕುಂಕುಮ ಇಲ್ಲದ ಒಬ್ಬ ಹೆಂಗಸು ಕೂತಿದ್ದಳು. ಯಾರೋ ಇದು ಎಂದು ಕೇಳಿದ್ದಕ್ಕೆ, "ಆಯಿ. ಗದಗದಿಂದ ಬರಲಿಕ್ಕತ್ತಾಳ" ಎಂದ.